ಮಾಮನ ಜಗುಲಿಯಲ್ಲಿ ಉಳಿದ ಮಿಕ್ಸಿಗಳು

ಮಾಮ ತೀರಿಕೊಂಡ ಹನ್ನೊಂದನೇ ದಿನ, ತಿಥಿ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ, ಹಿಂದಿನ ಬೀದಿಯ ಅಜ್ಜಿಯೊಬ್ಬರು ನನ್ನ ಹತ್ತಿರ ಬಂದು ನಿಂತರು. ಸಮಾಧಾನ ಹೇಳೋಕೆ ಬಂದಿದ್ದಾರೆ ಅಂದುಕೊಂಡೆ. ಅವರು ಸೆರಗಿನ ತುದಿ ಸುತ್ತಿಕೊಳ್ಳುತ್ತಾ, "ತಪ್ಪು ತಿಳ್ಕಬ್ಯಾಡ ಕಣವ್ವ, ನಮ್ದೊಂದು ಇಸ್ತ್ರಿ ಪೆಟ್ಟಿಗೆ ನಿಮ್ ಮಾಮನ ಹತ್ರ ಉಳ್ಕಂಡೈತೆ" ಅಂದರು.

ಅವರ ಹಿಂದೆ ಇನ್ನೂ ನಾಲ್ಕು ಜನ ಇದ್ದರು. ಅಜ್ಜಿ ಬಾಯಿ ಬಿಡಲಿ ಅಂತಲೇ ಕಾಯುತ್ತಿದ್ದರು ಅನ್ನಿಸುತ್ತೆ. ಒಬ್ಬರದು ಮಿಕ್ಸಿ, ಒಬ್ಬರದು ಟೇಬಲ್ ಫ್ಯಾನು, ಇನ್ನೊಬ್ಬರದು ಮಿಕ್ಸಿಯ ಜಾರು ಮಾತ್ರ. ನಾನು ಹೋಗಿ ಅತ್ತೆಗೆ ಹೇಳಿದೆ. ಹನ್ನೊಂದು ದಿನದಲ್ಲಿ ಮೊದಲ ಸಲ ಅತ್ತೆಯ ಮುಖದಲ್ಲಿ ನಗು ಬಂತು. "ಯಾವುದು ಯಾರ್ದು ಅಂತ ಅವರಿಗೇ ಗೊತ್ತು. ನಾನೇನ್ ಮಾಡ್ಲಿ?" ಅಂದು, ನಗುತ್ತಲೇ ಅಳೋಕೆ ಶುರು ಮಾಡಿದರು.

ಮಾಮ ಅಂದರೆ ಅಮ್ಮನ ಕೊನೇ ತಮ್ಮ. ನನಗಿಂತ ಇಪ್ಪತ್ತೆರಡು ವರ್ಷ ದೊಡ್ಡವನು, ಆದರೂ ಚಿಕ್ಕಂದಿನಿಂದ 'ನೀನು' ಅಂತಲೇ ಕರೆದು ಅಭ್ಯಾಸ. ಊರು ತಿಪಟೂರಿನ ಹತ್ತಿರದ ಹಳ್ಳಿ. ಐಟಿಐನಲ್ಲಿ ಎಲೆಕ್ಟ್ರಿಕಲ್ ಓದಿ, ಬೆಂಗಳೂರಿನ ಪೀಣ್ಯದಲ್ಲಿ ಎಂಟು ತಿಂಗಳು ಕೆಲಸ ಮಾಡಿ, ಒಂದು ದಿನ ಹಾಸಿಗೆ ಸುತ್ತಿಕೊಂಡು ರೈಲು ಹತ್ತಿ ವಾಪಸ್ ಬಂದವನು. ಯಾಕೆ ಬಂದೆ ಅಂತ ಕೇಳಿದರೆ, "ಅಲ್ಲಿ ಎಲ್ಲ ಹೊಸಾ ಮಿಷನ್ನು ಕಣೇ, ಕೆಡೋದೇ ಇಲ್ಲ. ಬೇಜಾರಾಯ್ತು" ಅನ್ನುತ್ತಿದ್ದ. ನಿಜವಾದ ಕಾರಣ ತಾತನ ಕಾಯಿಲೆ, ತೋಟ ನೋಡುವವರು ಯಾರೂ ಇರಲಿಲ್ಲ ಅಂತ ಅಮ್ಮ ಹೇಳಿದ್ದು ನಾನು ಕಾಲೇಜಿಗೆ ಬಂದ ಮೇಲೆ. ಅವನಂತೂ ಒಂದು ದಿನವೂ ಹೇಳಲಿಲ್ಲ.

ತೋಟ, ಕೊಬ್ಬರಿ, ಬಿಡುವಾದಾಗ ರಿಪೇರಿ. ರಿಪೇರಿಗೆ ಅಂಗಡಿ, ಬೋರ್ಡು ಏನೂ ಇಲ್ಲ. ಮನೆ ಮುಂದಿನ ಜಗುಲಿ, ಒಂದು ಹಳೇ ಬಿಸ್ಕತ್ ಡಬ್ಬದ ತುಂಬ ಸ್ಕ್ರೂ, ವಾಷರು, ಕಾರ್ಬನ್ ಬ್ರಷ್ಷು, ಇನ್ಸುಲೇಷನ್ ಟೇಪು. ಅಷ್ಟೇ. ಎಷ್ಟು ಕೊಡ್ಬೇಕು ಅಂತ ಕೇಳಿದರೆ ಸಾಮಾನಿನ ದುಡ್ಡು ಮಾತ್ರ ಹೇಳುತ್ತಿದ್ದ. ಕೂಲಿ ಅಂದರೆ, "ಅದು ಮಗಳ ಮದುವೇಲಿ ಮುಯ್ಯಿ ಹಾಕು" ಅನ್ನುವನು. ಅವನಿಗೆ ಇರೋದು ಒಬ್ಬನೇ ಮಗ.

ಹತ್ತು ವರ್ಷದವಳಿದ್ದಾಗ ಬೇಸಿಗೆ ರಜೆಯಲ್ಲಿ ನನ್ನನ್ನು ಅಸಿಸ್ಟೆಂಟ್ ಮಾಡಿಕೊಂಡಿದ್ದ. ಸಂಬಳ ದಿನಕ್ಕೊಂದು ಪೆಪ್ಪರಮಿಂಟು. ಸೀಲಿಂಗ್ ಫ್ಯಾನು ಗುಂಯ್ ಅಂದು ತಿರುಗದಿದ್ದರೆ, ಕೋಲಿನಿಂದ ತಳ್ಳಿದರೆ ಮಾತ್ರ ನಿಧಾನಕ್ಕೆ ಹೊರಟರೆ, ಮೊದಲು ನೋಡಬೇಕಾದದ್ದು ಕೆಪಾಸಿಟರು. 2.5 ಮೈಕ್ರೋಫ್ಯಾರಡ್ ಅಂತ ಬರೆದಿರುತ್ತೆ, ಹಾಗೇ ಹೇಳಿ ತಾ. ಮಿಕ್ಸಿಯೊಳಗೆ ಕಿಡಿ ಬಂದು ಸುಟ್ಟ ವಾಸನೆ ಬಂದರೆ ಕಾರ್ಬನ್ ಸವೆದಿರಬೇಕು. ಇಸ್ತ್ರಿ ಪೆಟ್ಟಿಗೆ ಬಿಸಿ ಆಗದಿದ್ದರೆ ಅದನ್ನು ಬಿಚ್ಚೋ ಮೊದಲು ವೈರು ಪೆಟ್ಟಿಗೆಗೆ ಸೇರುವ ಕುತ್ತಿಗೆ ನೋಡು, ಮಡಚಿ ಮಡಚಿ ಒಳಗೇ ತುಂಡಾಗಿರುತ್ತೆ. "ಜನ ಪೆಟ್ಟಿಗೆ ಬೈತಾರೆ, ತಪ್ಪು ಇರೋದು ಕುತ್ತಿಗೇಲಿ" ಅಂತ ಹೇಳಿ ಅವನೇ ನಗುತ್ತಿದ್ದ. ಇವೆಲ್ಲ ಈಗಲೂ ನನಗೆ ಬಾಯಿಪಾಠ. ಬೆಂಗಳೂರಿನಲ್ಲಿ ನಾವು ನಾಲ್ಕು ಜನ ಹುಡುಗಿಯರಿದ್ದ ಮನೆಯಲ್ಲಿ ಫ್ಯಾನು ಕೆಟ್ಟಾಗ ಸ್ಟೂಲ್ ಹತ್ತುತ್ತಿದ್ದವಳು ನಾನೊಬ್ಬಳೇ. ಮೊದಲು ಮೇನ್ ಆಫ್ ಮಾಡು ಅನ್ನೋದನ್ನೂ ಅವನೇ ಕಲಿಸಿದ್ದು, ಒಂದು ಸಲ ತಲೆಗೆ ಮೊಟಕಿ.

ಆದರೆ ಅವನ ನಿಜವಾದ ವಿದ್ಯೆ ಇದ್ದದ್ದು ಕಿವಿಯಲ್ಲಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಇಟ್ಟು ಕೊಬ್ಬರಿ ಮಾಡ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದ ಮೇಲೆ ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಮಾಮ ಕಾಯಿ ಕಿವಿ ಹತ್ರ ಹಿಡಿದು ಒಂದು ಸಲ ಅಲ್ಲಾಡಿಸಿ, "ಇದಕ್ಕಿನ್ನೂ ಹದಿನೈದು ದಿನ ಬೇಕು" ಅನ್ನುತ್ತಿದ್ದ. ಊರಿನ ಹಿಟ್ಟಿನ ಗಿರಣಿಯ ಮೋಟಾರು ಸದ್ದು ಮಾಡಿದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರುವ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದ. ಡಾಕ್ಟರು ಸ್ಟೆತಸ್ಕೋಪ್ ಇಟ್ಟ ಹಾಗೆ. ಎರಡು ನಿಮಿಷ ಬಿಟ್ಟು, "ಈ ಕಡೆ ಬೇರಿಂಗ್ ಹೋಗೈತೆ, ಆ ಕಡೇದು ಇನ್ನಾರು ತಿಂಗ್ಳು ಬರ್ತದೆ" ಅನ್ನುವನು. ಅದೇ ಸ್ಕ್ರೂಡ್ರೈವರನ್ನು ನನ್ನ ಕಿವಿಗೂ ಇಟ್ಟಿದ್ದ. ಮೊದಲು ಬರೀ ಗಲಾಟೆ ಕೇಳಿಸಿತು. ಆಮೇಲೆ ಆ ಗಲಾಟೆಯೊಳಗೆ ಒಂದು ಸಣ್ಣ ಕರಕರ.

ಈಗ ಹೇಳಬೇಕಾದ ವಿಷಯಕ್ಕೆ ಬರ್ತೀನಿ. ಇದನ್ನು ಮನೆಯಲ್ಲಿ ಯಾರ ಹತ್ತಿರವೂ ಹೇಳಿಲ್ಲ.

ಈ ಸಲದ ಯುಗಾದಿಗೆ ಊರಿಗೆ ಹೋಗಿದ್ದೆ. ಹಬ್ಬದ ಮಾರನೇ ದಿನ ಅಟ್ಟದಿಂದ ಕಾಯಿ ಇಳಿಸುವ ಕೆಲಸ. ಮಾಮ ಏಣಿಯ ನಾಲ್ಕನೇ ಮೆಟ್ಟಿಲಲ್ಲಿ ನಿಂತುಬಿಟ್ಟ. ಒಂದು ಕೈ ಏಣಿ ಹಿಡಿದಿತ್ತು, ಇನ್ನೊಂದು ಕೈ ಎಡಗಡೆ ಭುಜದ ಮೇಲಿತ್ತು. ಹಣೆಯಲ್ಲಿ ಬೆವರು. ಅಮ್ಮ ಕೆಳಗಿನಿಂದ, "ಏನಾಯ್ತೋ?" ಅಂದಳು. "ಏನಿಲ್ಲಕ್ಕ, ಲೋ ವೋಲ್ಟೇಜು" ಅಂದ. ನಾವೆಲ್ಲ ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ರಾತ್ರಿ ಊಟಕ್ಕೆ ಕೂತಾಗ, ಬೆಂಗಳೂರಿಗೆ ಬಾ ಮಾಮ, ಒಂದು ಸಲ ಹಾರ್ಟ್ ಚೆಕಪ್ ಮಾಡಿಸೋಣ ಅಂತ ಅಂದೆ. ಅಂದೆ ಅಷ್ಟೇ. "ವಾರಂಟಿ ಮುಗಿದಿರೋ ಗಾಡಿ ಬಿಚ್ಚಬಾರ್ದು ಕಣೇ ಪುಟ್ಟಿ, ಬಿಚ್ಚಿದ್ರೆ ಸ್ಪೇರ್ ಸಿಗಲ್ಲ" ಅಂದ. ಮತ್ತೆ ನಗು. ಗ್ಯಾಸ್ಟ್ರಿಕ್ ಇರಬೇಕು ಅಂತ ಅತ್ತೆ ಜೀರಿಗೆ ಕಷಾಯ ಮಾಡಿಕೊಟ್ಟರು. ವಿಷಯ ಅಲ್ಲಿಗೆ ಮುಗಿಯಿತು.

ಅದಾಗಿ ಒಂದು ತಿಂಗಳಿಗೆ, ಒಂದು ಭಾನುವಾರ ಅವನೇ ಫೋನ್ ಮಾಡಿದ. ತೋಟದಿಂದ ಮನೆಗೆ ನಡೆದುಕೊಂಡು ಬರುತ್ತಿದ್ದ. ನನ್ನ ಮ್ಯಾನೇಜರ್ ಬಗ್ಗೆ ಏನೋ ತಮಾಷೆ ಮಾಡುತ್ತಿದ್ದ, ಆದರೆ ಎರಡು ಮಾತಿಗೊಂದು ಸಲ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದ. ನನಗೆ ಕೇಳಿಸಿತು. ಮಾತಿನ ಹಿಂದೆ ಆ ಸಣ್ಣ ಕರಕರ ನನಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿಕೊಳ್ಳೋದನ್ನು ಕಲಿಸಿದವನೇ ಅವನು! ಫೋನಿಟ್ಟ ಮೇಲೆ ಲ್ಯಾಪ್‌ಟಾಪ್ ತೆಗೆದು ಚೆಕಪ್ ಬುಕ್ ಮಾಡುವ ಪುಟದವರೆಗೂ ಹೋದೆ. ಅವನು ಒಪ್ಪಲ್ಲ, ಬಲವಂತ ಮಾಡಿದರೆ ಇನ್ನೊಂದು ಜೋಕು ಹೇಳ್ತಾನೆ, ಮುಂದಿನ ತಿಂಗಳು ಊರಿಗೆ ಹೋದಾಗ ಕರ್ಕೊಂಡೇ ಬಂದರಾಯ್ತು ಅಂತ ಮುಚ್ಚಿಟ್ಟೆ. ಆ ವಾರ ಆಫೀಸಿನಲ್ಲಿ ರಿಲೀಸ್ ಇತ್ತು. ಅದೂ ಒಂದು ಕಾರಣ. ನಿಜ ಹೇಳಬೇಕು ಅಂದರೆ, ಮಾಮನ ಜೋಕು ನಮಗೆಲ್ಲ ಬಹಳ ಅನುಕೂಲವಾಗಿತ್ತು. ಅವನು ನಗಿಸಿದ ತಕ್ಷಣ ನಮ್ಮ ಜವಾಬ್ದಾರಿ ಮುಗಿಯುತ್ತಿತ್ತು.

ಎರಡು ವಾರ ಕಳೆಯಿತು. ಬುಧವಾರ ಬೆಳಗಿನ ಜಾವ, ತ್ರೀ ಫೇಸ್ ಕರೆಂಟು ಬಂತು ಅಂತ ತೋಟಕ್ಕೆ ನೀರು ಬಿಡಲು ಹೋದವನು ವಾಪಸ್ ಬರಲಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದ ತೆಂಗಿನ ಮರಕ್ಕೆ ಒರಗಿ ಕೂತಿದ್ದನಂತೆ. ಮೋಟಾರು ಓಡುತ್ತಲೇ ಇತ್ತಂತೆ. ಐವತ್ತಮೂರು ವರ್ಷ. ಮೊದಲು ಊರಿನವರೆಲ್ಲ ಕರೆಂಟು ಹೊಡೆದಿದೆ ಅಂದುಕೊಂಡರು. ಆ ಮಾತು ಕೇಳಿದ್ದರೆ ಮಾಮ ಅವಮಾನಕ್ಕೆ ಎದ್ದು ಕೂರುತ್ತಿದ್ದ. ಕರೆಂಟು ಅಲ್ಲ, ಹೃದಯಾಘಾತ ಅಂತ ಡಾಕ್ಟರು ಹೇಳಿದರು.

ತಿಥಿಯ ದಿನ ಸಂಜೆ ನಾನು, ಅತ್ತೆ, ಮಾಮನ ಮಗ ಮೂವರೂ ಜಗುಲಿಯಲ್ಲಿ ಕೂತೆವು. ಒಟ್ಟು ಹನ್ನೊಂದು ಸಾಮಾನು. ಏಳು ರೆಡಿ ಇದ್ದವು, ಪ್ಲಗ್ ಹಾಕಿ ನೋಡಿದರೆ ಓಡಿದವು. ಬಂದವರು ತಮ್ಮತಮ್ಮದು ಗುರುತು ಹಿಡಿದು, ಒಂದು ಮಾತೂ ಆಡದೆ ಎದೆಗವಚಿಕೊಂಡು ಹೋದರು. ಬಿಚ್ಚಿಟ್ಟ ಒಂದು ಮಿಕ್ಸಿಗೆ ಹೊಸ ಕಾರ್ಬನ್ ಪಕ್ಕದಲ್ಲೇ ಇತ್ತು, ಹಾಕೋದೊಂದು ಬಾಕಿ. ಅದನ್ನು ನಾನು ಹಾಕಿದೆ. ಉಳಿದವನ್ನು ತಿಪಟೂರಿನ ಅಂಗಡಿಗೆ ಕೊಡೋದು ಅಂತಾಯ್ತು.

ಅಜ್ಜಿಯ ಇಸ್ತ್ರಿ ಪೆಟ್ಟಿಗೆ ಮಾತ್ರ ಮುಟ್ಟಿರಲೇ ಇಲ್ಲ. ಅದರ ಕುತ್ತಿಗೆ ನೋಡಿದೆ. ವೈರು ಅಲ್ಲೇ ತುಂಡಾಗಿತ್ತು. ಅಷ್ಟು ಕತ್ತರಿಸಿ ತೆಗೆದು, ತಾಮ್ರ ಸುಲಿದು, ಮತ್ತೆ ಒಳಗೆ ಬಿಗಿದು, ಎರಡೆರಡು ಸಲ ಟೆಸ್ಟ್ ಮಾಡಿ ಕೊಟ್ಟೆ. ಅಜ್ಜಿ, "ಎಷ್ಟಾಯ್ತವ್ವ?" ಅಂದರು. ಮಾಮನ ಡೈಲಾಗು ಬಾಯಿಗೆ ಬಂತು, ಗಂಟಲಿನಿಂದ ಹೊರಡಲಿಲ್ಲ. ಅಜ್ಜಿಯೇ ನನ್ನ ಕೈ ಹಿಡಿದು, "ಗೊತ್ತು ಬಿಡು, ಮುಯ್ಯಿ" ಅಂದರು.

ಬೆಂಗಳೂರಿಗೆ ವಾಪಸ್ ಬಂದು ಮೂರು ವಾರ ಆಯ್ತು. ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಸಂಪಿನ ಮೋಟಾರು ಗುಂಯ್ ಅಂತೈತೆ, ನೀರು ಎತ್ತುತ್ತಿಲ್ಲ ಅಂತ. ಫೋನು ಹತ್ತಿರ ಹಿಡೀರಿ ಅಂದೆ, ಹಿಡಿದರು. ಮೊದಲು ಸ್ವಿಚ್ ಆಫ್ ಮಾಡಿ, ಹಾಗೇ ಬಿಟ್ಟರೆ ವೈಂಡಿಂಗ್ ಸುಟ್ಟುಹೋಗುತ್ತೆ, ಕೆಪಾಸಿಟರ್ ಹೋಗಿರಬೇಕು, ಮೆಕ್ಯಾನಿಕ್‌ಗೆ ಹೇಳಿ ಅಂದೆ. ಆಮೇಲೆ, "ಅತ್ತೆ, ನೀವು ಬಿಪಿ ನೋಡಿಸಿ ಎಷ್ಟು ದಿನ ಆಯ್ತು?" ಅಂತ ಕೇಳಿದೆ.

"ನಂಗೇನಾಗೈತೆ? ನಿಮ್ ಮಾಮ ಮೇಲಿಂದ ಲೈನ್ ಎಳೆದಿದ್ದಾರೆ, ನನ್ನ ಮೀಟರ್ ಓಡ್ತಾನೇ ಇರ್ತದೆ" ಅಂದರು.

ಅದೇ ಧಾಟಿ. ನಾನು ನಗಲಿಲ್ಲ. ಶನಿವಾರ ಬೆಳಿಗ್ಗೆಯ ರೈಲಿಗೆ ಟಿಕೆಟ್ ಮಾಡಿದ್ದೀನಿ, ಡಾಕ್ಟರ ಹತ್ತಿರ ಹನ್ನೊಂದೂವರೆಗೆ ಟೋಕನ್ ತಗೊಂಡಿದ್ದೀನಿ. ಅತ್ತೆಗೆ ಇನ್ನೂ ಹೇಳಿಲ್ಲ.