ಚರ್ಮದ ಸಾರು



ಮೊನ್ನೆ ಬೆಂಗಳೂರಲ್ಲಿ ಸಭೆ ಮುಗಿಸಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಾವು ನಾಲ್ಕು ಜನ ಒಂದು ಚೈನೀಸ್ ಹೋಟೆಲ್‌ಗೆ ಹೋಗಿದ್ವಿ. ಅಲ್ಲಿ ಸೂಪ್ ಡಂಪ್ಲಿಂಗ್ ಫೇಮಸ್ಸು. ಶಾಂಘೈ ಕಡೆಯ ತಿಂಡಿ. ಬಿದಿರಿನ ಬುಟ್ಟೀಲಿ ಹಬೆಗೆ ಬೆಂದ ಪುಟ್ಟ ಕಡುಬು, ಅಂಚು ಕಚ್ಚಿದರೆ ಬಾಯಿಗೆ ಬಿಸಿ ಸಾರು!

ಮುಚ್ಚಿದ ಕಡುಬಿನೊಳಗೆ ಸಾರು ಹೇಗೆ ಹೋಯ್ತು? ಹಂದಿ ಚರ್ಮ ಗಂಟೆಗಟ್ಟಲೆ ಬೇಯಿಸಿ ತಣಿಸಿದರೆ ಆ ಸಾರು ಹೆಪ್ಪುಗಟ್ಟುತ್ತೆ. ಅದನ್ನ ಕೊಚ್ಚಿ ಖೈಮಾ ಜೊತೆ ಕಲಸಿ ತುಂಬ್ತಾರೆ. ಹಬೆಗೆ ಕರಗಿ ಮತ್ತೆ ಸಾರಾಗುತ್ತೆ.

ಈ ಗುಟ್ಟು ನಮ್ಮ ಅವ್ವಂದಿರಿಗೆ ಗೊತ್ತಿಲ್ಲದ್ದಾ? ರಾತ್ರಿಯ ಕಾಲು ಸಾರು ಬೆಳಿಗ್ಗೆಗೆ ಹೆಪ್ಪುಗಟ್ಟಿರುತ್ತಿತ್ತು. ಒಲೆ ಮೇಲಿಟ್ಟು ಕರಗಿಸಿ ಮುದ್ದೆಗೆ ಬಿಡ್ತಿದ್ರು. ತಲೆ, ಕಾಲು, ಬೋಟಿ, ಪಾಲಿಗೆ ಬಂದದ್ದನ್ನೆಲ್ಲ ರುಚಿ ಮಾಡಿದ ಕೈಗಳವು. ಕೇರೀಲಿ ಬೆಂದರೆ ಹೊಲಸು, ಬೆಂಗಳೂರಲ್ಲಿ ಬೆಂದರೆ ಸ್ಪೆಷಲ್ಲು!

ಇನ್ನೊಂದು ಮಾತು. ಆ ಹೋಟೆಲಲ್ಲಿ 'ನೀವು ಯಾವ ಪೈಕಿ' ಅಂತ ಯಾರೂ ಕೇಳಲಿಲ್ಲ. ಪಕ್ಕದವರು ಉಂಡ ಬಟ್ಟಲೇ ತೊಳೆದು ನಮಗೆ, ನಾವು ಉಂಡದ್ದು ಮುಂದಿನವರಿಗೆ. ನಮ್ಮಲ್ಲೊಬ್ಬ ಚಿಕ್ಕವನಿದ್ದಾಗ ಊರಿನ ಹೋಟೆಲಲ್ಲಿ ತಾನು ಕುಡಿದ ಲೋಟ ತಾನೇ ತೊಳೆದು ಹೊರಗೆ ಸೂರಿಗೆ ಸಿಕ್ಕಿಸಿ ಬರ್ತಿದ್ದ. ಈಗ ಕೆಲವೆಡೆ ಅವರಿಗೆ ಸ್ಟೀಲ್ ಲೋಟ, ನಮಗೆ ಪ್ಲಾಸ್ಟಿಕ್ಕು. ಕೇಳಿದರೆ 'ಕ್ಲೀನು' ಅಂತಾರೆ.

ಹೋಟೆಲಿಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಸಂವಿಧಾನದ 15ನೇ ವಿಧಿ, ಅಸ್ಪೃಶ್ಯತೆಯೇ ರದ್ದು ಅಂತ 17ನೇ ವಿಧಿ 1950ರಿಂದ ಹೇಳ್ತಿವೆ. ದುಡ್ಡು ಕೊಟ್ಟು ದೂರದ ನಗರದಲ್ಲಿ ಪಡೆಯೋ ಸಮಾನತೆ ಸಾಲದು. ಅದು ನಮ್ಮೂರಿನ ಟೀ ಅಂಗಡೀಲೇ ಸಿಗಬೇಕು.

ನಿಮ್ಮೂರಲ್ಲಿ ಲೋಟ ಒಂದೇನಾ, ಎರಡಾ? ನಾಳೆ ಹೋಗಿ ನೋಡಿ. ಎರಡಿದ್ದರೆ ಸುಮ್ಮನೆ ಬರಬೇಡಿ.