ನೋಯಿಸದೆ ನಂಬಿಕೆಯ ಮಾತು

ನಾಗಪುರದಲ್ಲಿ ನಾವು ಎರಡು ಸಲ ಅಲ್ಪಸಂಖ್ಯಾತರು. ಊರಿನ ಮಾತು ಮರಾಠಿ, ನಮ್ಮದು ಕನ್ನಡ. ಕನ್ನಡಿಗರು ಕೂಡಿದಲ್ಲಿ ಗಣಪತಿಯ ಆರತಿ, ನಮ್ಮ ಮನೆಯಲ್ಲಿ ಯೇಸುವಿನ ಪ್ರಾರ್ಥನೆ. ಆರತಿಯಾದ ಮೇಲೆ ನಮಗೂ ಎಲ್ಲರಂತೆ ಕೋಸಂಬರಿ ಸಿಗುತ್ತದೆ. ಕ್ರಿಸ್‌ಮಸ್ಸಿನ ಕರಜಿಕಾಯಿ ಎಲ್ಲರ ಮನೆಗೂ ಹೋಗುತ್ತದೆ. ತಿನಿಸಿನ ಮಟ್ಟಿಗೆ ಯಾವ ತೊಡಕೂ ಇಲ್ಲ. ತೊಡಕು ಬರುವುದು ಬರೆಯಲು ಕುಳಿತಾಗ.

ಡಿಸೆಂಬರ್ ಸಂಚಿಕೆಗೆ ನಮ್ಮ ನಂಬಿಕೆಯ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕರು ಕೇಳಿದ್ದಾರೆ. 'ಯಾರ ಮನಸ್ಸಿಗೂ ನೋವಾಗದಿರಲಿ' ಎಂದು ಕೆಳಗೊಂದು ಟಿಪ್ಪಣಿ. ಏನೂ ಹೇಳದೆ ಬರೆದರೆ ಯಾರಿಗೂ ನೋವಾಗದು. ಆದರೆ ಅದನ್ನು ಓದಬೇಕಾದರೂ ಏಕೆ?

ಹೇಗೆ ಬರೆಯಬಾರದೆಂಬುದು ಮಾತ್ರ ನಮಗೆ ಚೆನ್ನಾಗಿ ಗೊತ್ತು. ಕೆಲವು ವರ್ಷಗಳ ಹಿಂದೆ ಕಚೇರಿಯ ಮಿತ್ರರೊಬ್ಬರು, ದಾರಿಯಲ್ಲಿ ಯಾರೋ ಕೈಗಿತ್ತ ಕರಪತ್ರವನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ಮೊದಲ ಪುಟದಲ್ಲೆಲ್ಲ ವಿಗ್ರಹಗಳ ಹಾಸ್ಯ. "ನಮ್ಮ ತಾಯಿ ನಲವತ್ತು ವರ್ಷ ಪೂಜಿಸಿದ ವಿಠ್ಠಲ ಇವರಿಗೆ ಬರಿಯ ಕಲ್ಲಾಗಿ ಕಂಡನಲ್ಲ" ಎಂದಷ್ಟೇ ಅಂದರು. ಹಿಂಬದಿಯ ಪುಟದಲ್ಲಿ ಯೇಸುವಿನ ಬಹಳ ಒಳ್ಳೆಯ ಮಾತೊಂದಿತ್ತು. ಅವರು ಪುಟ ತಿರುವಲೇ ಇಲ್ಲ.

ಮತದ ಮಾತು ಈ ಊರಿಗೆ ಹಗುರವಾದುದಲ್ಲ. ಮಿಶನರಿಗಳ ಕಾರ್ಯವನ್ನು ಕಟುವಾಗಿ ಟೀಕಿಸಿದ ನಿಯೋಗಿ ಸಮಿತಿಯ ವರದಿ 1956ರಲ್ಲಿ ಹೊರಬಿದ್ದದ್ದು, ಆಗ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಇದೇ ನಾಗಪುರದಿಂದ. ಅದೇ ವರ್ಷ ಅಕ್ಟೋಬರ್ 14ರಂದು ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧ ದೀಕ್ಷೆ ಪಡೆದದ್ದೂ ಇಲ್ಲಿಯೇ.

ಹಾಗಾದರೆ ಹೇಗೆ ಬರೆಯಬೇಕು? ನಮ್ಮ ಕನ್ನಡದಲ್ಲಿಯೇ ದಾರಿ ತೋರಿದವರಿದ್ದಾರೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗರು ಮುಂದೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಕಿಟ್ಟೆಲರು ಕನ್ನಡ ಛಂದಸ್ಸು ಕಲಿತು, ಕ್ರಿಸ್ತನ ಕಥೆಯನ್ನು 1862ರ 'ಕಥಾಮಾಲೆ'ಯಲ್ಲಿ ನಮ್ಮ ಮಟ್ಟುಗಳಲ್ಲಿ ಹಾಡಿದರು. ನಿಘಂಟು ಬಂದದ್ದು ಆಮೇಲೆ, 1894ರಲ್ಲಿ. ಇವರು ಬಂದದ್ದು ಮತಪ್ರಚಾರಕ್ಕೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹೇಳುವ ಮೊದಲು ಕೇಳಿದರು, ಕಲಿತರು.

ನಾಗಪುರದ ನಂಟಿನ ಇನ್ನೊಂದು ಕಥೆಯುಂಟು. 1893ರಲ್ಲಿ ಇಲ್ಲಿಂದ ರಾಜನಾಂದಗಾಂವಕ್ಕೆ ರೈಲಿನಲ್ಲಿ ಹೊರಟಿದ್ದ ಮರಾಠಿ ಕವಿ ನಾರಾಯಣ ವಾಮನ ಟಿಳಕರಿಗೆ ಸಹಪ್ರಯಾಣಿಕನೊಬ್ಬ ಹೊಸ ಒಡಂಬಡಿಕೆಯ ಪ್ರತಿ ಕೊಟ್ಟ. 1895ರಲ್ಲಿ ಅವರು ಕ್ರೈಸ್ತರಾದರು. ಆದರೂ ತುಕಾರಾಮನನ್ನು ಬಿಡಲಿಲ್ಲ. ತಾವು ಕ್ರಿಸ್ತನ ಬಳಿ ಬಂದದ್ದು ಆ ಸಂತನ ಸೇತುವೆಯ ಮೇಲಿಂದ ಎಂದರು, ಅಭಂಗಗಳಲ್ಲಿಯೇ ಹಾಡಿದರು. ಗಂಡನ ಮತಾಂತರದಿಂದ ತಾವುಂಡ ಸಂಕಟವನ್ನು ಪತ್ನಿ ಲಕ್ಷ್ಮೀಬಾಯಿ 'ಸ್ಮೃತಿಚಿತ್ರೆ'ಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತಾವೂ ಕ್ರೈಸ್ತರಾದ ಮೇಲೆ ಬರೆದದ್ದು ಅದು. ಆ ಪ್ರಾಮಾಣಿಕತೆಗಾಗಿಯೇ ಎಲ್ಲ ಮತದ ಮರಾಠಿಗರೂ ಆ ಪುಸ್ತಕವನ್ನು ತಮ್ಮದೆಂದು ಓದುತ್ತಾರೆ.

ಇವರಿಂದ ನಾವು ಕಲಿತದ್ದು ಇಷ್ಟು. ನಮ್ಮಲ್ಲಿಯ ಒಳ್ಳೆಯದನ್ನು ಇತರರ ಕೆಟ್ಟದ್ದರೊಡನೆ ತೂಗಬಾರದು. ಎಲ್ಲ ಒಂದೇ ಎಂದು ಸಕ್ಕರೆ ಬೆರೆಸಲೂ ಬಾರದು. ವ್ಯತ್ಯಾಸವಿದೆ, ಜಾಣ ವಾಚಕರಿಗೆ ಅದು ಗೊತ್ತು. 'ನೀವು ನಂಬಬೇಕು' ಎನ್ನುವ ಬದಲು, ನಂಬಿದ್ದರಿಂದ ನಮ್ಮ ಮನೆಯಲ್ಲಿ ಏನಾಯಿತೆಂದು ಹೇಳಬೇಕು.

ಆದುದರಿಂದ ಒಂದನ್ನೇ ಹೇಳುತ್ತೇವೆ. ಮನೆಯ ಪಾಲಿನ ವ್ಯಾಜ್ಯದಿಂದ ನಮ್ಮ ತಂದೆಯವರೂ ಕಾಕಾ ಅವರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಅನ್ಯಾಯವಾದದ್ದು ತಂದೆಯವರಿಗೆ, ಊರೇ ಹಾಗೆನ್ನುತ್ತಿತ್ತು. ಒಂದು ರವಿವಾರ ಅವರು ತಾವಾಗಿ ತಮ್ಮನ ಮನೆಗೆ ಹೋಗಿ ಉಂಡು ಬಂದರು. ಅವ್ವ ಬೆರಗಾಗಿ ಕಾರಣ ಕೇಳಿದಳು. "ಎಲ್ಲಾರನ್ನೂ ಕ್ಷಮಿಸೇನಿ ಅಂತ ದಿನಾ ಪ್ರಾರ್ಥನಾದಾಗ ದೇವರ ಮುಂದ ಹೇಳತೇನಿ. ಎಷ್ಟ ದಿನಾ ಸುಳ್ಳ ಹೇಳಲಿ?" ಎಂದರು. ತಮ್ಮನ್ನು ಶಿಲುಬೆಗೆ ಜಡಿದವರಿಗಾಗಿಯೇ ಕ್ಷಮೆ ಬೇಡಿದವನನ್ನು ಅವರು ನಂಬಿದ್ದರು. ಪಾಲು ಮರಳಿ ಬರಲಿಲ್ಲ. ತಮ್ಮ ಮರಳಿ ಬಂದರು. ತಂದೆಯವರ ಶವಕ್ಕೆ ಮೊದಲು ಹೆಗಲು ಕೊಟ್ಟವರು ಕಾಕಾ ಅವರೇ.

ನಮಗೆ ಸತ್ಯವೆಂದು ಕಂಡದ್ದು ವಾಚಕರಿಗೂ ಕಾಣಲೆಂಬ ಆಸೆ ಇಲ್ಲವೆಂದರೆ ಅದೂ ಸುಳ್ಳೇ ಆದೀತು. ಆಸೆ ಇದೆ. ಆದರೆ ನಾವು ಕಾರಕೂನರು. ಇದ್ದ ಸಂಗತಿಯನ್ನು ನೆಟ್ಟಗೆ ಬರೆದು ಕಡತವನ್ನು ಮುಂದಕ್ಕೆ ಕಳಿಸುವುದು ನಮ್ಮ ಕೆಲಸ. ಹುಕುಂ ಬರೆಯುವ ಅಧಿಕಾರ ನಮ್ಮದಲ್ಲ.