ಕಾಣದ ಚೌಕಟ್ಟು

ವರ್ಷಕ್ಕೊಮ್ಮೆ ಮನೆಗೆ ಸುಣ್ಣ ಬಳಿಸುವವರು ಅನೇಕರುಂಟು. ತೊಲೆಯ ತುದಿಗೆ ಗೆದ್ದಲು ಹಿಡಿದಿದೆಯೋ ಎಂದು ಏಣಿ ಹತ್ತಿ ನೋಡುವವರು ವಿರಳ. ಹಳೆಯ ಮೋಟಾರುಗಾಡಿಗಳನ್ನು ಸಾಕುವವರಲ್ಲಿಯೂ ಈ ಎರಡು ಪಂಗಡಗಳಿವೆ. ಇಂಗ್ಲೆಂಡಿನಲ್ಲಿ ಮಿನಿ ಎಂಬ ಪುಟ್ಟ ಕಾರನ್ನು ಉಳಿಸಿಕೊಂಡು ಬಂದಿರುವ ಸಂಸಾರಗಳು ಇಂದಿಗೂ ಹಲವು. ಅದರ ಬಣ್ಣ ಮಾಸಿದರೆ ನೆರೆಯವರು ಹೇಳುವರು. ಮುಂಭಾಗದ ಸಬ್‌ಫ್ರೇಮು ಸವೆದರೆ ಹೇಳುವವರಾರೂ ಇಲ್ಲ. ಈ ಸಬ್‌ಫ್ರೇಮನ್ನು ನಾವು ಒಳಚೌಕಟ್ಟೆಂದು ಕರೆಯಬಹುದು.

1956ರ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಅಭಾವವುಂಟಾದಾಗ, ಕಡಿಮೆ ಎಣ್ಣೆಯಲ್ಲಿ ನಾಲ್ವರನ್ನು ಹೊರುವ ಗಾಡಿಯೊಂದನ್ನು ರಚಿಸುವ ಕಾರ್ಯವು ಅಲೆಕ್ ಇಸ್ಸಿಗೋನಿಸ್ ಎಂಬ ಯಂತ್ರಶಿಲ್ಪಿಯ ಪಾಲಿಗೆ ಬಂದಿತು. ಸ್ಮಿರ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು ನೆಲೆಸಿದ ಈತನು ಎಂಜಿನನ್ನು ಅಡ್ಡಲಾಗಿ ತಿರುಗಿಸಿ, ಗೇರುಪೆಟ್ಟಿಗೆಯನ್ನು ಅದರ ಕೆಳಗೆ ಅದೇ ಎಣ್ಣೆಯಲ್ಲಿ ಮುಳುಗಿಸಿಟ್ಟು, ಹತ್ತು ಅಡಿ ಉದ್ದದ ಗಾಡಿಗೆ ಹತ್ತು ಅಂಗುಲದ ಚಕ್ರಗಳನ್ನು ತೊಡಿಸಿದನು. 1959ರ ಆಗಸ್ಟ್ 26ರಂದು ಅದು ಲೋಕಕ್ಕೆ ಪ್ರಕಟವಾಯಿತು. 2000ದ ಅಕ್ಟೋಬರಿನಲ್ಲಿ ಅದರ ತಯಾರಿಕೆ ನಿಲ್ಲುವ ವೇಳೆಗೆ 53 ಲಕ್ಷಕ್ಕೂ ಮಿಕ್ಕಿ ಗಾಡಿಗಳು ಹೊರಬಿದ್ದಿದ್ದುವು. ಚಕ್ರದ ತೋಳುಗಳನ್ನು ನೇರವಾಗಿ ದೇಹದ ತಗಡಿಗೇ ಜೋಡಿಸಿದರೆ ರಸ್ತೆಯ ಪೆಟ್ಟಿಗೆ ತಗಡು ಬಿರಿಯುವುದು. ಆದುದರಿಂದಲೇ ಮುಂದೊಂದು ಹಿಂದೊಂದು ಉಕ್ಕಿನ ಒಳಚೌಕಟ್ಟುಗಳು ಬಂದುವು. ಮುಂದಿನದು ಎಂಜಿನನ್ನೂ ಗೇರುಪೆಟ್ಟಿಗೆಯನ್ನೂ ಮುಂದಿನ ಚಕ್ರಗಳನ್ನೂ ಹೊತ್ತು, ಎರಡು ಗೋಪುರಗಳಂತೆ ಮೇಲೆದ್ದು ದೇಹವನ್ನು ಕಚ್ಚಿ ಹಿಡಿದಿರುತ್ತದೆ. ಆ ಗೋಪುರಗಳೊಳಗೆ, ಕಮಾನುಪಟ್ಟಿಗಳ ಬದಲಾಗಿ, ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರಿನ ಶಂಕುಗಳು ಕುಳಿತಿವೆ. ಬಂಡಿಯ ಅಚ್ಚು ಮಾಡುವ ಕೆಲಸವನ್ನೂ ನೊಗ ಮಾಡುವ ಕೆಲಸವನ್ನೂ ಇದು ಒಂದೇ ಮೈಯಲ್ಲಿ ಮಾಡುತ್ತದೆ.

ಹಿಂದಿನ ಚೌಕಟ್ಟು ಬೇಗನೆ ತುಕ್ಕು ತಿನ್ನುವುದೆಂದು ಎಲ್ಲರೂ ಬಲ್ಲರು. ಮುಂದಿನದು ಅದಕ್ಕಿಂತ ದೀರ್ಘಾಯುಷಿ. ಅದಕ್ಕೆ ಕಾರಣವೂ ವಿನೋದವಾಗಿದೆ. ಹಳೆಯ ಎಂಜಿನು ಎಣ್ಣೆಯನ್ನು ಸೋರಿಸಿ ಸೋರಿಸಿ, ತನ್ನ ಕೆಳಗಿನ ಉಕ್ಕಿಗೆ ತಾನೇ ಅಭ್ಯಂಜನ ಮಾಡಿಸುತ್ತಿರುತ್ತದೆ. ಒಡೆಯನು ಬೈಯುವ ಸೋರಿಕೆಯೇ ಒಡೆಯನನ್ನು ಕಾಯುವುದು! ಆದರೆ ಎಣ್ಣೆ ತಲುಪದ ಮೂಲೆಗಳುಂಟು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಚೌಕಟ್ಟಿನ ಹಿಂಗಾಲುಗಳು ನೆಲದ ತಗಡನ್ನು ಸೇರುವ ಸಂದಿಗಳಿಗೆ ನುಗ್ಗುತ್ತದೆ. ಬೋಲ್ಟಿನ ರಂಧ್ರಗಳು ದುಂಡಾಗಿದ್ದುವು ಮೊಟ್ಟೆಯಾಕಾರವಾಗುತ್ತವೆ. ಆಗ ಬ್ರೇಕು ಒತ್ತಿದೊಡನೆ ಕಾಲಡಿಯಲ್ಲಿ ‘ಟಕ್’ ಎಂದೊಂದು ಸದ್ದು. ನೇರವಾದ ರಸ್ತೆಯಲ್ಲಿಯೂ ಗಾಡಿಗೆ ಅತ್ತಿತ್ತ ಎಳೆಯುವ ಚಾಳಿ. 1976ರಿಂದ ಈಚಿನ ಗಾಡಿಗಳಲ್ಲಿ ಚೌಕಟ್ಟಿಗೂ ದೇಹಕ್ಕೂ ನಡುವೆ ರಬ್ಬರಿನ ಮೆತ್ತೆಗಳಿರುವುದರಿಂದ, ಅಂತಹವುಗಳಲ್ಲಿ ಮೊದಲು ಮೆತ್ತೆಯನ್ನು ಸಂಶಯಿಸುವುದು ನ್ಯಾಯ. ಅದಕ್ಕೆ ಹಿಂದಿನವುಗಳಲ್ಲಿ ಉಕ್ಕಿಗೆ ಉಕ್ಕೇ ಕೂಡಿರುವುದರಿಂದ ಆ ಸದ್ದನ್ನು ಲಘುವಾಗಿ ಎಣಿಸಲಾಗದು.

ಮೊದಲು ಇದನ್ನೆಲ್ಲ ನೋಡಲು ವರ್ಷಕ್ಕೊಮ್ಮೆ ಪರೀಕ್ಷಕನಿದ್ದನು. 2018ರ ಮೇ ತಿಂಗಳಿಂದೀಚೆಗೆ, 40 ವರ್ಷ ದಾಟಿದ, ರಚನೆಯಲ್ಲಿ ಹೆಚ್ಚಿನ ಮಾರ್ಪಾಡು ಹೊಂದದ ಗಾಡಿಗಳಿಗೆ ಬ್ರಿಟನ್ನಿನಲ್ಲಿ ಆ ಪರೀಕ್ಷೆ ಕಡ್ಡಾಯವಲ್ಲ. ಬಯಸಿದವರು ಮಾಡಿಸಬಹುದು. ಮೂಲದ ಮಾದರಿಯದೇ ಹೊಸ ಚೌಕಟ್ಟನ್ನು ಹಾಕಿದರೆ ಅದನ್ನು ಮಾರ್ಪಾಡೆಂದು ಎಣಿಸುವುದಿಲ್ಲ. ಗಾಡಿ ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಮಾತ್ರ ಒಡೆಯನ ತಲೆಯ ಮೇಲೆ ಮೊದಲಿನಂತೆಯೇ ಇದೆ. ಈ ವಿನಾಯಿತಿಯನ್ನು ಅನುಗ್ರಹವೆಂದು ಕೊಂಡಾಡುವವರು ಇದರ ಭಾರವನ್ನು ತೂಗಿ ನೋಡಿದಂತಿಲ್ಲ.

ಬರ್ಮಿಂಗ್‌ಹ್ಯಾಮಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆ ಕೊಂಡ 1972ರ ಮಿನಿ ಮಗನ ಕೈಗೆ ಬಂದಿದೆ. ಮೊಮ್ಮಗಳು ವಾಹನ ನಡೆಸುವ ಅನುಮತಿಪತ್ರವನ್ನು ಪಡೆದು, “ಅಪ್ಪಾ, ಇನ್ನು ಅಜ್ಜನ ಗಾಡಿ ನನ್ನದು” ಎನ್ನುತ್ತಿದ್ದಾಳೆ. ಕಾಲಡಿಯ ಸದ್ದನ್ನು ಅವನು ಎರಡು ವರ್ಷಗಳಿಂದ ಕೇಳುತ್ತಲೇ ಇದ್ದನು. ತಾನೊಬ್ಬನೇ ಕುಳಿತು ಹೋಗುವವರೆಗೆ ಅದು ಹಳೆಯ ಸ್ನೇಹಿತನ ಕೆಮ್ಮಿನಂತಿದ್ದಿತು. “ತುಕ್ಕು ಹಿಡಿದಲ್ಲಿ ತಗಡು ಹಚ್ಚಿ ಬೆಸೆದರೆ ಸಾಲದೇ?” ಎಂದು ಗೆಳೆಯನು ಕೇಳುತ್ತಾನೆ. ತೇಪೆಯು ಗಟ್ಟಿಯಾಗಿಯೇ ನಿಲ್ಲಬಹುದು. ಅದರ ಪಕ್ಕದ ಜೀರ್ಣವಾದ ಉಕ್ಕು ನಿಲ್ಲಬೇಕಲ್ಲ! ಚೌಕಟ್ಟನ್ನೇ ಬದಲಿಸುವುದೆಂದು ನಿಶ್ಚಯವಾಗುತ್ತದೆ.

ಈ ಕೆಲಸದ ಸೊಗಸೆಂದರೆ, ಇಲ್ಲಿ ಎಂಜಿನನ್ನು ಗಾಡಿಯಿಂದ ಎತ್ತುವುದಲ್ಲ, ಗಾಡಿಯನ್ನೇ ಎಂಜಿನಿನ ಮೇಲಿಂದ ಎತ್ತುವುದು. ಬ್ಯಾಟರಿಯ ತಂತಿ, ರೇಡಿಯೇಟರಿನ ನೀರು, ಬ್ರೇಕಿನ ಕೊಳವೆ, ಹೊಗೆಕೊಳವೆ, ಗೇರಿನ ಜೋಡಣೆ, ಸ್ಟಿಯರಿಂಗಿನ ಕೊಂಡಿ, ಇವೆಲ್ಲವನ್ನೂ ಒಂದೊಂದಾಗಿ ಬಿಡಿಸಬೇಕು. ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಕುಡಿಸಿಟ್ಟಿದ್ದರೂ ಒಂದೆರಡು ಮುರಿಯದೆ ಬಿಡವು. ಬಳಿಕ ದೇಹದ ಮುಂಭಾಗವನ್ನು ಸರಪಳಿಯಿಂದ ಮೇಲೆತ್ತಿದರೆ, ಚೌಕಟ್ಟು ಎಂಜಿನನ್ನು ಹೊತ್ತು ತನ್ನ ಎರಡು ಚಕ್ರಗಳ ಮೇಲೆಯೇ ಉರುಳಿ ಹೊರಗೆ ಬರುವುದು. ಎತ್ತಿದ ದೇಹವನ್ನು ಬರಿಯ ಜಾಕಿಗೆ ನಂಬಿ ಯಾರೂ ಅದರ ಕೆಳಗೆ ತೂರಬಾರದು. ರಬ್ಬರಿನ ಶಂಕುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು; ಅವುಗಳನ್ನು ತಿರುಪಿನ ವಿಶೇಷ ಸಾಧನದಿಂದ ಅದುಮಿ ಹಿಡಿದ ಹೊರತು ತೋಳುಗಳನ್ನು ಕಳಚುವುದು ಕೈಯನ್ನು ಕಳೆದುಕೊಳ್ಳುವ ದಾರಿ.

ಸ್ಟಿಯರಿಂಗಿನ ಹಲ್ಲುಪಟ್ಟಿಯು ನೆಲದ ತಗಡಿಗೂ ಚೌಕಟ್ಟಿಗೂ ನಡುವೆ ಅಡಗಿರುವುದರಿಂದ, ಚೌಕಟ್ಟನ್ನು ಇಳಿಸಿದ ದಿನವಲ್ಲದೆ ಬೇರೆ ದಿನ ಅದನ್ನು ಕಳಚಲಾಗದು. ಅದನ್ನೂ ಅಂದೇ ಪರೀಕ್ಷಿಸಿಕೊಳ್ಳುವವನು ಜಾಣ. ಹೊಸ ಚೌಕಟ್ಟನ್ನು ಏರಿಸುವಾಗ ಯಾವ ಬೋಲ್ಟನ್ನೂ ಮೊದಲೇ ಬಿಗಿಯಬಾರದು. ಎಲ್ಲವೂ ತಮ್ಮ ತಮ್ಮ ರಂಧ್ರಗಳನ್ನು ಸೇರಿದ ಮೇಲೆ, ಅಳತೆಯ ಸ್ಪ್ಯಾನರಿನಿಂದ ಕ್ರಮವಾಗಿ ಬಿಗಿಯಬೇಕು. ತಗಡು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂಬುದು ಈ ಘಳಿಗೆಯಲ್ಲಿ ತಾನಾಗಿ ಬಯಲಾಗುತ್ತದೆ.

ಬ್ರೇಕಿಗೆ ಹೊಸ ದ್ರವವನ್ನು ತುಂಬಿ ಗಾಳಿಯನ್ನು ಹೊರಡಿಸಿದ್ದಾಯಿತು. ಮುಂದಿನ ಚಕ್ರಗಳು ಮುಂಗಡೆಯಲ್ಲಿ ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ಹೊರಮುಖವಾಗಿ ನಿಂತಿರುವುದನ್ನೂ ಅಳೆದು ನೋಡಿದ್ದಾಯಿತು. ಅಂಗಳದಲ್ಲಿ ಒರಗಿಸಿದ್ದ ಹಳೆಯ ಚೌಕಟ್ಟಿನ ಹಿಂಗಾಲಿಗೆ ಮಗಳು ತಿರುಪುಳಿಯನ್ನು ಒತ್ತಿದಳು. ಅದು ಹಿಡಿಯವರೆಗೂ ಒಳಗೆ ಹೋಯಿತು. ಅವಳು ಏನನ್ನೂ ನುಡಿಯದೆ ತಂದೆಯ ಮುಖವನ್ನು ನೋಡಿದಳು. ಮರುದಿನ ಅವನೇ ಮೊದಲು ಒಬ್ಬನೇ ಐದು ಮೈಲಿ ಹೋಗಿಬಂದು, ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಿ, ಆಮೇಲೆ ಬೀಗದಕೈಯನ್ನು ಅವಳಿಗೆ ಕೊಟ್ಟನು.